ಮಂಜನಿಗೆ, ನಮೀಬಿಯಾ ಪ್ಲಾನಿನ ಬಗ್ಗೆ

ಪ್ರೀತಿಯ ಮಂಜ,

ನೀನು ಕಳಿಸಿದ ಪ್ಲಾನ್ ನೋಡಿದೆ. ಹತ್ತು ದಿನದಲ್ಲಿ ನಮೀಬಿಯಾ, ಬೋಟ್ಸ್ವಾನಾ, ಸಾಲದ್ದಕ್ಕೆ ವಿಕ್ಟೋರಿಯಾ ಜಲಪಾತ! ಬೇಡ ಮಾರಾಯ. ಅಷ್ಟು ದೂರ ಹೋಗಿ ಗಾಡಿಯಲ್ಲಿ ತೂಕಡಿಸಿ ಬರೋದಾ? ಹೋದ ಸಲ ನಾನು ಮಾಡಿದ್ದು ಇದೇ ತಪ್ಪು. ಈ ಸಲ ನಮೀಬಿಯಾ ಒಂದೇ, ಅದೂ ಮೂರೇ ಜಾಗ.

ಮೊದಲು ಸೋಸುಸ್‌ಫ್ಲೇ, ಕೆಂಪು ಮರಳುಗುಡ್ಡಗಳ ಜಾಗ. ರಾಜಧಾನಿ ವಿಂಡ್‌ಹುಕ್‌ನಿಂದ ಅದರ ಗೇಟಿರುವ ಸೆಸ್ರಿಮ್‌ಗೆ ಐದು ಗಂಟೆ ದಾರಿ, ಜಾಸ್ತಿ ಜಲ್ಲಿ ರಸ್ತೆಯೇ. ಸೂರ್ಯ ಹುಟ್ಟುವ ಹೊತ್ತಿಗೆ ಗೇಟು ತೆಗೆಯುತ್ತಾರೆ. ಆದರೆ ಒಳಗೇ ಉಳಿದುಕೊಂಡವರನ್ನು ಒಂದು ಗಂಟೆ ಮುಂಚೆ ಬಿಡುತ್ತಾರೆ. ಮಜಾ ಇರೋದೇ ಆ ಒಂದು ಗಂಟೆಯಲ್ಲಿ. ನಮ್ಮನ್ನು ಕರೆದುಕೊಂಡು ಹೋದವರು ದುಡ್ಡು ಉಳಿಸೋಕೆ ದೂರದ ಲಾಡ್ಜ್‌ನಲ್ಲಿ ಇಳಿಸಿದ್ದರು. ಸೋಸುಸ್‌ಫ್ಲೇ ಪಕ್ಕದ ಡೆಡ್‌ಫ್ಲೇ ಬಯಲು ಸೇರುವಾಗ ಹನ್ನೊಂದು ಗಂಟೆ. ಬಿಳೀ ಜೇಡಿ ನೆಲ, ಅದರ ಮೇಲೆ ನೂರಾರು ವರ್ಷದ ಹಿಂದೆ ಸತ್ತ ಜಾಲಿ ಜಾತಿಯ ಮರಗಳು ಕರ್ರಗೆ ನಿಂತಿವೆ. ಅಲ್ಲಿನ ಒಣಹವೆಗೆ ಕೊಳೆಯೋದಕ್ಕೂ ಆಗಿಲ್ಲ, ಪಾಪ. ಆದರೆ ನೆತ್ತಿಯ ಬಿಸಿಲಿಗೆ ಮರಳುಗುಡ್ಡದ ಕೆಂಪೆಲ್ಲ ಮಂಕಾಗಿತ್ತು. ಶೂ ಒಳಗೆ ತುಂಬಿದ ಮರಳು, ಕಡಲೆಕಾಯಿ ಹುರಿಯುವ ಬಾಣಲೆಯದ್ದೇ. ಹೆಜ್ಜೆ ಇಟ್ಟ ಕಡೆಯೆಲ್ಲ ಅಯ್ಯೋ ಅಂದಿದ್ದೇನೆ.

ಗೈಡ್ ಬೇಕಾ ಅಂತ ಕೇಳಿದ್ದೆಯಲ್ಲ. ಬೇಕು. ಸೋಸುಸ್‌ಫ್ಲೇಗೆ ಕೊನೆಯ ಐದು ಕಿಲೋಮೀಟರ್ ಬರೀ ಮರಳು, ಟೈರಿನ ಗಾಳಿ ಇಳಿಸಿ ಓಡಿಸಬೇಕು. ಕೊಟ್ಟ ದುಡ್ಡು ಅಲ್ಲೇ ವಸೂಲು.

ಆಮೇಲೆ ಸ್ವಾಕೋಪ್‌ಮುಂಡ್. ಒಂದು ರಾತ್ರಿ ಸಾಕು. ತಣ್ಣನೆಯ ಸಮುದ್ರ, ಮರಳುಗಾಡಿನ ಅಂಚಲ್ಲೇ ಮಂಜು. ನಿನ್ನ ಹೆಸರಿನದೇ!

ಉಳಿದ ರಾತ್ರಿಗಳೆಲ್ಲ ಎಟೋಶಾ ಅನ್ನೋ ರಾಷ್ಟ್ರೀಯ ಉದ್ಯಾನಕ್ಕೆ. ಕಬಿನಿ ನೆನಪಿದೆಯಾ? ಹುಲಿ ಅಂದ ಕೂಡಲೆ ಆರು ಜೀಪು ಒಂದೇ ಕಡೆ ನುಗ್ಗಿದ್ದವು. ನಮಗೆ ಕಂಡಿದ್ದು ಮುಂದಿನ ಜೀಪಿನವನ ಟೋಪಿ. ಎಟೋಶಾದಲ್ಲಿ ಹಗಲು ಜೀಪಿನಲ್ಲಿ ಸುತ್ತಿದರೂ ರಾತ್ರಿ ಸುಮ್ನೆ ಕೂರಬೇಕು. ಒಕಾಕುಯೋ ಕ್ಯಾಂಪಿನ ಪಕ್ಕದಲ್ಲೇ ನೀರಿನ ಹೊಂಡ, ಮುಂದೆ ಮೋಟು ಕಲ್ಲುಗೋಡೆ, ಬೆಂಚು, ರಾತ್ರಿಯಿಡೀ ದೀಪ. ಬೇಸಿಗೆ ಅಂತಲ್ಲ, ಮೇಯಿಂದ ಅಕ್ಟೋಬರ್‌ವರೆಗೆ ಅಲ್ಲಿ ಮಳೆಯಿಲ್ಲದ ಕಾಲ. ಬೇರೆ ಕಡೆ ನೀರು ಬತ್ತಿರುತ್ತದೆ, ಪ್ರಾಣಿಗಳೇ ಹೊಂಡ ಹುಡುಕಿಕೊಂಡು ಬರುತ್ತವೆ. ಆನೆಗಳಂತೂ ಉಪ್ಪುಬಯಲಿನ ಧೂಳು ಮೆತ್ತಿಕೊಂಡು ಸುಣ್ಣ ಬಳಿದ ಹಾಗಿರುತ್ತವೆ. ಆ ಬಯಲೇ ಸುಮಾರು 4,800 ಚದರ ಕಿಲೋಮೀಟರ್ ಅಂದರೆ ಲೆಕ್ಕ ಹಾಕು.

ರಾತ್ರಿ ಒಂಬತ್ತೂವರೆಗೆ ಕಪ್ಪು ಘೇಂಡಾಮೃಗ ಬಂತು, ಜೊತೆಗೊಂದು ಮರಿ. ಮೊದಲು ಕಲ್ಲು ಸರಿದ ಸದ್ದು, ಆಮೇಲೆ ಉಸಿರು. ತಾಯಿ ನೀರು ಹೀರುವುದು ನಮ್ಮ ಬೆಂಚಿಗೇ ಕೇಳುತ್ತಿತ್ತು. ಮರಿ ಮೂತಿ ಇಟ್ಟು, ಬೆಚ್ಚಿ ಹಿಂದೆ ಸರಿದು, ಮತ್ತೆ ಇಟ್ಟಿತು. ಅಷ್ಟರಲ್ಲಿ ನಮ್ಮ ಟೂರಿನವರು "ಬೆಳಿಗ್ಗೆ ಐದಕ್ಕೆ ಹೊರಡಬೇಕು" ಅಂತ ಎಬ್ಬಿಸಿಕೊಂಡು ಹೋದರು. ಹನ್ನೊಂದಕ್ಕೆ ಸಿಂಹ ಬಂದಿತ್ತಂತೆ. ಆ ಹೊಟ್ಟೆಯುರಿ ಇನ್ನೂ ಆರಿಲ್ಲ ಕಣೋ.

ಚೀತಾ ಕಾಣುತ್ತೋ ಇಲ್ಲವೋ, ಅದೃಷ್ಟ. ನಮ್ಮ ಮಧ್ಯಪ್ರದೇಶದ ಕುನೋ ಕಾಡಿಗೆ 2022ರ ಸೆಪ್ಟೆಂಬರ್ 17ರಂದು ಬಂದಿಳಿದ ಎಂಟು ಚೀತಾಗಳು ಆ ದೇಶದವೇ ಅಲ್ವಾ.

ಆಗಸ್ಟ್‌ಗೆ ರಜೆ ಬರೆದುಬಿಡು. ಗೈಡ್‌ಗೆ ಎರಡೇ ಪ್ರಶ್ನೆ ಕೇಳು: ಸೆಸ್ರಿಮ್‌ನಲ್ಲಿ ಗೇಟಿನ ಒಳಗೆ ಉಳಿಸುತ್ತೀರಾ, ಎಟೋಶಾದಲ್ಲಿ ಎಷ್ಟು ರಾತ್ರಿ? ನೀನು ಮಾಂಸ ಮುಟ್ಟಲ್ಲ ಅಂತಲೂ ಈಗಲೇ ಬರೆ. ಅಲ್ಲಿ ಊಟ ಅಂದರೆ ಕೆಂಡದ ಮೇಲೆ ಸುಡುವ ಬ್ರಾಯ್. ದಪ್ಪ ಸ್ವೆಟರ್ ತಗೋ, ರಾತ್ರಿ ಬೆಂಚು ತಣ್ಣಗೆ ಕೊರೆಯುತ್ತದೆ. ಫ್ಲಾಸ್ಕ್ ನಾನು ತರುತ್ತೇನೆ.

ನಿನ್ನ,
ರವಿ