ಪುಟ್ಟಿ ಬರುವ ಮುಂಚೆ, ಹಿಮದ ಬಗ್ಗೆ

ಮಿನಿಯಾಪೊಲಿಸ್, ಮಿನೆಸೋಟ ರಾಜ್ಯ, ಅಮೆರಿಕ
ಡಿಸೆಂಬರ್ 8

ತೀರ್ಥರೂಪ ಅಪ್ಪಾಜಿಯವರಿಗೂ ಅವ್ವನಿಗೂ ನಿಮ್ಮ ಮಗನ ಶಿರಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ದಾವಣಗೆರೆಯಲ್ಲಿ ಎಲ್ಲರ ಕ್ಷೇಮಕ್ಕೆ ಬರೆಯುವುದು.

ಅಣ್ಣನ ಮಗಳು ಪುಟ್ಟಿ, ಜನವರಿಯಲ್ಲಿ ಓದಲಿಕ್ಕೆ ಬರುವವಳು ಬಂದ ಕೂಡಲೇ ಸ್ಕೀ ಕಲಿಯುತ್ತೇನೆ ಅನ್ನುತ್ತಿದ್ದಾಳೆ, ಅಷ್ಟು ಚಳಿಯಲ್ಲಿ ಹುಡುಗಿಯನ್ನು ಹಿಮದ ಮೇಲೆ ಬಿಡುವುದು ಸರಿಯೇ ಎಂದು ಕೇಳಿದ್ದೀರಿ. ಫೋನಿನಲ್ಲಿ ಹೇಳಹೊರಟರೆ ಅರ್ಧ ಉಳಿದುಹೋಗುತ್ತದೆ, ಅದಕ್ಕೇ ಪತ್ರ. ನೀವು ಓದಿದ ಮೇಲೆ ಪುಟ್ಟಿಯ ಕೈಗೆ ಕೊಡಿ, ಅರ್ಧಕ್ಕಿಂತ ಹೆಚ್ಚು ಅವಳಿಗಾಗಿಯೇ ಬರೆದದ್ದು.

ಟೀವಿಯಲ್ಲಿ ಕಡಿದಾದ ಬೆಟ್ಟದಿಂದ ಜಾರಿ ಇಳಿಯುವವರನ್ನು ನೋಡಿರುತ್ತೀರಿ. ಪುಟ್ಟಿ ಕಲಿಯುವುದು ಅದನ್ನಲ್ಲ. ಇದು ಕ್ರಾಸ್ ಕಂಟ್ರಿ. ಉದ್ಯಾನ, ಕಾಡಂಚು, ಗಾಲ್ಫ್ ಮೈದಾನಗಳ ಏರುತಗ್ಗಿನಲ್ಲಿ, ಹಗುರವಾದ ಕಿರಿದಾದ ಉದ್ದ ಹಲಗೆಗಳನ್ನು, ಅಂದರೆ ಸ್ಕೀಗಳನ್ನು, ಕಾಲಿಗೆ ಕಟ್ಟಿಕೊಂಡು, ಎರಡು ಕೈಯಲ್ಲಿ ಕೋಲು ಹಿಡಿದು ಸಾಗುವುದು. ಬೂಟಿನ ಮೂತಿಯಷ್ಟೇ ಸ್ಕೀಗೆ ಸಿಕ್ಕಿರುತ್ತದೆ, ಹಿಮ್ಮಡಿ ಬಿಡುಬೀಸು. ಆರು ವರ್ಷದ ಮಕ್ಕಳಿಂದ ಎಪ್ಪತ್ತು ದಾಟಿದ ಅಜ್ಜಿಯರವರೆಗೆ ಎಲ್ಲರೂ ಬರುತ್ತಾರೆ. ದಾರಿಗಳನ್ನು ನೋಡಿಕೊಳ್ಳುವುದು ಊರಿನ ಉದ್ಯಾನ ಇಲಾಖೆ ಮತ್ತು ಸ್ವಯಂಸೇವಕರ ಸಣ್ಣ ಸಣ್ಣ ಕೂಟಗಳು. ಹದಿನಾರು ತುಂಬಿದವರು ರಾಜ್ಯ ನಿರ್ವಹಿಸುವ ದಾರಿಗಳಿಗೆ ‘ಗ್ರೇಟ್ ಮಿನೆಸೋಟ ಸ್ಕೀ ಪಾಸ್’ ತೆಗೆದುಕೊಳ್ಳಬೇಕು. ಊರಿನ ಉದ್ಯಾನಗಳಿಗೆ ಬೇರೆ ಪಾಸು.

ಅಪ್ಪಾಜಿ, ನೀವು ಕೇಳಿದ್ದು ಚಳಿಯ ಬಗ್ಗೆ. ಆದರೆ ಸ್ಕೀಗೆ ಹೋಗುವವರು ನೋಡಬೇಕಾದದ್ದು ಹಿಂದಿನ ಎರಡು ದಿನ ಹಿಮದ ಮೇಲೆ ಏನೇನಾಯಿತು ಎಂಬುದನ್ನು. ಬೆಳಗ್ಗೆ ಎದ್ದಾಗ ಥರ್ಮಾಮೀಟರು ಮೈನಸ್ 8 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ ಅಂದುಕೊಳ್ಳಿ. ಹಿಂದಿನ ದಿನವೆಲ್ಲ ಮೈನಸ್ 5ರ ಆಸುಪಾಸಿನಲ್ಲಿದ್ದು, ರಾತ್ರಿ ಯಂತ್ರ ಓಡಿಸಿ ದಾರಿ ಸಜ್ಜು ಮಾಡಿದ್ದರೆ ಅಂಥ ಬೆಳಗು ಇಡೀ ಚಳಿಗಾಲದಲ್ಲೇ ಉತ್ತಮ. ಹಿಂದಿನ ಮಧ್ಯಾಹ್ನ ಪ್ಲಸ್ 2ಕ್ಕೆ ಏರಿ ಹಿಮ ಕರಗಿ, ಯಾರೂ ದಾರಿ ಕೆದಕದೆ ರಾತ್ರಿ ಹಾಗೇ ಹೆಪ್ಪುಗಟ್ಟಿದ್ದರೆ ಅದೇ ಮೈನಸ್ 8ರಲ್ಲಿ ದಾರಿ ಗಾಜು. ಹೊಸಬರು ಮೊದಲ ಇಳಿಜಾರಿನಲ್ಲೇ ಬಿದ್ದು ಮಣಿಕಟ್ಟು ಮುರಿದುಕೊಳ್ಳುವುದು ಇಂಥ ದಿನಗಳಲ್ಲಿ.

ಆದ್ದರಿಂದ ಪುಟ್ಟಿ, ಹೊರಡುವ ಮುಂಚೆ ದಾರಿಯ ವರದಿ ನೋಡುವುದನ್ನು ರೂಢಿ ಮಾಡಿಕೋ. ಉದ್ಯಾನದವರೂ ಕೂಟಗಳೂ ಅದನ್ನು ಆಗಾಗ ಹಾಕುತ್ತಿರುತ್ತಾರೆ. ಅದರಲ್ಲಿ ಮೊದಲು ನೋಡಬೇಕಾದದ್ದು ಕೊನೆಯ ಬಾರಿ ಗ್ರೂಮಿಂಗ್, ಅಂದರೆ ಯಂತ್ರದಿಂದ ದಾರಿ ಸಜ್ಜು ಮಾಡುವ ಕೆಲಸ, ಆದ ದಿನ ಮತ್ತು ಗಂಟೆ. ಆಮೇಲೆ ಆಗಿನ ಉಷ್ಣತೆ, ತಳದ ಹಿಮ ಎಷ್ಟು ದಪ್ಪ, ಆನಂತರ ಹೊಸ ಹಿಮ ಬಿದ್ದಿದೆಯೇ, ಯಾವ ಸುತ್ತು ತೆರೆದಿದೆ, ಎಲ್ಲಿ ತೆಳುವಾಗಿ ಮಣ್ಣು ಕಾಣುತ್ತಿದೆ. ‘ದಾರಿ ಚೆನ್ನಾಗಿದೆ’ ಎಂದಷ್ಟೇ ಬರೆದಿರುವ ವರದಿಯಿಂದ ಏನೂ ಪ್ರಯೋಜನವಿಲ್ಲ. ಗಂಟೆಯಿಲ್ಲದ ವರದಿಯನ್ನು ನಂಬಬೇಡ. ಇಲ್ಲಿನ ವರದಿಗಳಲ್ಲಿ ಉಷ್ಣತೆ ಫ್ಯಾರನ್‌ಹೀಟಿನಲ್ಲಿ ಇರುತ್ತದೆ, ನಾನು ಪತ್ರದಲ್ಲಿ ಬರೆದದ್ದು ಸೆಲ್ಸಿಯಸ್ಸಿನಲ್ಲಿ. 32 ಎಂದರೆ ನೀರು ಹೆಪ್ಪುಗಟ್ಟುವ ಹಂತ, 20 ಎಂದರೆ ಸುಮಾರು ಮೈನಸ್ 7, 0 ಎಂದರೆ ಮೈನಸ್ 18. ಈ ಮೂರು ಬಾಯಿಪಾಠವಿದ್ದರೆ ಸಾಕು.

ಗ್ರೂಮಿಂಗ್ ಏನೆಂದು ಗೊತ್ತಿದ್ದರೆ ವರದಿ ತಾನಾಗಿ ಅರ್ಥವಾಗುತ್ತದೆ. ಆಕಾಶದಿಂದ ಬಿದ್ದ ಹಿಮ ಬರೀ ಗಾಳಿ ತುಂಬಿದ ಪುಡಿ. ಒಣ ಹಿಮವಾದರೆ 30 ಸೆಂಟಿಮೀಟರ್ ಬಿದ್ದದ್ದು ರೋಲರ್ ಹೊಡೆದ ಮೇಲೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಸಣ್ಣ ಕೂಟಗಳು ಸ್ನೋಮೊಬೈಲ್ ಎಂಬ ಹಿಮದ ಮೇಲೆ ಓಡುವ ಸಣ್ಣ ಬಂಡಿಯ ಹಿಂದೆ ರೋಲರ್, ಹಲ್ಲಿನ ಕುಂಟೆ, ಸ್ಕೀ ಕೂರುವ ಜೋಡಿಗೆರೆ, ಅಂದರೆ ಟ್ರ್ಯಾಕ್, ಕೊರೆಯುವ ಸಲಕರಣೆ ಎಳೆಸುತ್ತವೆ. ದೊಡ್ಡ ಉದ್ಯಾನಗಳಲ್ಲಿ ಪಿಸ್ಟನ್‌ಬುಲ್ಲಿಯಂಥ ಭಾರಿ ಯಂತ್ರಗಳಿವೆ, ಹಿಂದೆ ತಿರುಗುವ ಟಿಲ್ಲರು ಇರುತ್ತದೆ. ಹುಲ್ಲನ್ನು ಬೋಳಾಗಿ ಕತ್ತರಿಸಿದ ನೆಲದಲ್ಲಿ ಒತ್ತಿದ ಹಿಮ 10ರಿಂದ 15 ಸೆಂಟಿಮೀಟರ್ ಇದ್ದರೆ ಟ್ರ್ಯಾಕ್ ಕೊರೆಯಬಹುದು. ಬೇರು, ಕಲ್ಲು ಇರುವ ಕಾಡುದಾರಿಗೆ ಅದರ ಎರಡರಷ್ಟು ಬೇಕಾಗುತ್ತದೆ. ಕಡಿಮೆ ಹಿಮದಲ್ಲಿ ಟಿಲ್ಲರ್ ಇಳಿಸಿದರೆ ಮಣ್ಣು ಮೇಲೆ ಬಂದು ಬೆರೆಯುತ್ತದೆ. ಕಪ್ಪು ಮಣ್ಣು ಬಿಸಿಲನ್ನು ಹೀರಿ ಸುತ್ತಲಿನ ಬಿಳಿ ಹಿಮವನ್ನೂ ಕರಗಿಸುತ್ತದೆ. ಒಂದು ಸಲ ಕೊಳೆಯಾದ ದಾರಿ ಮುಂದಿನ ದೊಡ್ಡ ಹಿಮಪಾತದವರೆಗೆ ಸುಧಾರಿಸುವುದಿಲ್ಲ.

ಈ ಕೆಲಸ ಹಿಮ ಬೀಳುವ ಮುಂಚೆಯೇ ಶುರುವಾಗುತ್ತದೆ. ಅಕ್ಟೋಬರಿನಲ್ಲಿ ಹುಲ್ಲು ಕೊಯ್ಯುವುದು, ಬಿದ್ದ ಕೊಂಬೆ ತೆಗೆಯುವುದು, ಊದುವ ಯಂತ್ರದಿಂದ ಓಕ್ ಎಲೆಗಳನ್ನೆಲ್ಲ ದಾರಿಯಿಂದಾಚೆ ಹಾರಿಸುವುದು. ಎಲೆಯ ಪದರದ ಮೇಲೆ ಬಿದ್ದ ಹಿಮ ನೆಲಕ್ಕೆ ಕಚ್ಚುವುದಿಲ್ಲ, ಟ್ರ್ಯಾಕು ಕುಸಿಯುತ್ತದೆ. ಹೊಲ ಹಸನು ಮಾಡದೆ ಬಿತ್ತುವವರನ್ನು ಕಂಡರೆ ಸಿಡುಕುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರ ಓಡಿದ ತಕ್ಷಣ ದಾರಿ ಸಿದ್ಧವಾಗಿರುವುದಿಲ್ಲ, ಇದನ್ನು ಬಹಳ ಜನ ತಿಳಿಯರು. ಕುಂಟೆ ಹೊಡೆದಾಗ ಹಿಮದ ಹರಳುಗಳು ಒಡೆದು ದೊಡ್ಡವು ಸಣ್ಣವು ಬೆರೆತುಕೊಳ್ಳುತ್ತವೆ. ಆಮೇಲೆ ತಂಪಿನಲ್ಲಿ ಸುಮ್ಮನೆ ಬಿಟ್ಟರೆ ಹರಳಿಗೆ ಹರಳು ಬೆಸೆದುಕೊಂಡು ಗಟ್ಟಿಯಾಗುತ್ತದೆ. ಅದಕ್ಕೆ ಕೆಲವು ಗಂಟೆ ಬೇಕು. ಹೀಗಾಗಿ ಸಂಜೆಯ ಮೇಲೆ, ಉಷ್ಣತೆ ಇಳಿಯುತ್ತಿರುವಾಗ ಗ್ರೂಮ್ ಮಾಡಿ ರಾತ್ರಿಯಿಡೀ ಬಿಡುವುದು ಒಳ್ಳೆಯದು. ಒದ್ದೆ ಹಿಮಕ್ಕೆ ಅವಸರಪಟ್ಟು ರೋಲರ್ ಹೊಡೆದರೆ ನೀರೆಲ್ಲ ಹಿಂಡಿ ಒತ್ತಿ ಬೆಳಗಾಗುವಷ್ಟರಲ್ಲಿ ಮಂಜುಗಡ್ಡೆಯ ಹಲಗೆಯಾಗುತ್ತದೆ. ಮೇಲ್ಪದರ ಬಿಗಿಯಲು ಶುರುವಾಗುವವರೆಗೆ ಕಾಯಬೇಕು. ಆ ಹದ ಗುರುತಿಸುವುದಕ್ಕೆ ಅನುಭವ ಬೇಕು, ನನ್ನ ಪ್ರಕಾರ ಒಳ್ಳೆಯ ದಾರಿಗೂ ಕೆಟ್ಟ ದಾರಿಗೂ ಇರುವ ವ್ಯತ್ಯಾಸ ಯಂತ್ರದ ಬೆಲೆಯಲ್ಲಿಲ್ಲ, ಈ ಕಾಯುವಿಕೆಯಲ್ಲಿದೆ.

ಇನ್ನೂ ಬಿಗಿಯದ ದಾರಿಯಲ್ಲಿ, ಅಥವಾ ಕರಗುತ್ತಿರುವ ಮಧ್ಯಾಹ್ನ, ಯಾರಾದರೂ ನಡೆದುಹೋದರೆ ಹೆಜ್ಜೆಗುಳಿಗಳು ರಾತ್ರಿ ಕಲ್ಲಾಗುತ್ತವೆ. ಮರುದಿನ ಸ್ಕೀಯ ಮೂತಿ ಅದಕ್ಕೆ ಸಿಕ್ಕಿದರೆ ಮುಗ್ಗರಿಸುವುದು ಖಂಡಿತ. ಅದಕ್ಕೇ ಸ್ಕೀ ದಾರಿಯಲ್ಲಿ ನಡೆಯುವವರಿಗೂ ನಾಯಿಗಳಿಗೂ ಬಹುತೇಕ ಕಡೆ ಪ್ರವೇಶವಿಲ್ಲ. ಪುಟ್ಟಿ, ಸ್ಕೀ ಬಿಚ್ಚಿ ನಡೆಯಬೇಕಾಗಿ ಬಂದರೆ ದಾರಿಯ ತೀರಾ ಅಂಚಿನಲ್ಲಿ ನಡೆ. ಬಿದ್ದರೆ ಎದ್ದು, ಆದ ಗುಂಡಿಯನ್ನು ತುಂಬಿ ತುಳಿದು ಹೋಗು. ಅಂಚಿನಲ್ಲಿ ಜೋಡಿಗೆರೆಯಂತೆ ಕೊರೆದಿರುವುದು ಕ್ಲಾಸಿಕ್ ಶೈಲಿಯವರ ಟ್ರ್ಯಾಕ್. ಪಕ್ಕದ ಅಗಲವಾದ ಸಪಾಟು ಹಾಸು ಕಾಲನ್ನು ಓರೆಯಾಗಿ ತಳ್ಳುತ್ತ ಹೋಗುವ ಸ್ಕೇಟ್ ಶೈಲಿಯವರದು. ಟ್ರ್ಯಾಕಿನ ಮೇಲೆ ಸ್ಕೇಟ್ ಮಾಡಬಾರದು. ಬಾಣದ ಗುರುತು ತೋರಿಸಿದ ದಿಕ್ಕಿನಲ್ಲೇ ಹೋಗಬೇಕು, ಇಳಿಜಾರಿನ ಬುಡದಲ್ಲಿ ನಿಲ್ಲಬಾರದು.

ನಿಜವಾದ ಹಿಮವೇ ಬೀಳದಿದ್ದರೆ? ಈಚೆಗೆ ಅದೂ ಆಗುತ್ತಿದೆ. 2023–24ರ ಚಳಿಗಾಲ ಮಿನೆಸೋಟದಲ್ಲಿ ದಾಖಲೆಯಲ್ಲೇ ಅತಿ ಬೆಚ್ಚನೆಯದು. 2024ರ ಫೆಬ್ರುವರಿಯಲ್ಲಿ ಇಲ್ಲಿನ ಥಿಯೊಡೋರ್ ವಿರ್ತ್ ಪಾರ್ಕಿನಲ್ಲಿ ಸ್ಕೀ ವಿಶ್ವಕಪ್ ಪಂದ್ಯಗಳು ನಡೆದವು, ಇದೇ ರಾಜ್ಯದ ಸ್ಕೀ ಓಟಗಾರ್ತಿ ಜೆಸ್ಸಿ ಡಿಗಿನ್ಸ್ ತನ್ನ ಜನರ ಮುಂದೆ ಓಡಿದಳು. ದಾರಿಯ ತಳವೆಲ್ಲ ಯಂತ್ರ ತಯಾರಿಸಿದ ಹಿಮ. ಪಕ್ಕದ ವಿಸ್ಕಾನ್ಸಿನ್ನಿನಲ್ಲಿ ಕೇಬಲ್‌ನಿಂದ ಹೇವರ್ಡ್‌ಗೆ ಕಾಡಿನ ನಡುವೆ 50 ಕಿಲೋಮೀಟರ್ ಸಾಗುವ, 1973ರಿಂದ ನಡೆದು ಬಂದಿರುವ ಅಮೆರಿಕನ್ ಬಿರ್ಕಬೈನರ್ ಎಂಬ ಸ್ಕೀ ಓಟ 2017ರಲ್ಲಿ ರದ್ದಾಗಿತ್ತು. 2024ರಲ್ಲಿ ಅದನ್ನು ಯಂತ್ರದ ಹಿಮದ 10 ಕಿಲೋಮೀಟರ್ ಸುತ್ತಿನಲ್ಲೇ ಮುಗಿಸಬೇಕಾಯಿತು.

ಯಂತ್ರದ ಹಿಮ ಮಾಡುವುದಕ್ಕೆ ಗಾಳಿಯ ಉಷ್ಣತೆಯ ಜೊತೆಗೆ ತೇವವೂ ಲೆಕ್ಕಕ್ಕೆ ಬರುತ್ತದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ಮೈನಸ್ 2ಕ್ಕಿಂತ ಕೆಳಗೆ ತೋರಿಸಬೇಕು. ಬೇಸಿಗೆಯಲ್ಲಿ ನಮ್ಮ ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ಹಾಗೆಯೇ, ಒಣ ಗಾಳಿಯಲ್ಲಿ ಚಿಮ್ಮಿದ ಹನಿಯ ಸ್ವಲ್ಪ ಭಾಗ ಆವಿಯಾಗಿ ಉಳಿದ ಭಾಗವನ್ನು ತಂಪು ಮಾಡುತ್ತದೆ. ಹಾಗಾಗಿ ಒಣ ಹವೆಯಿದ್ದರೆ ಸೊನ್ನೆಯ ಹತ್ತಿರವೂ ಹಿಮವಾಗುತ್ತದೆ, ತೇವದ ರಾತ್ರಿ ಮೈನಸ್ 1ರಲ್ಲೂ ಬರೀ ನೀರು ಬೀಳುತ್ತದೆ. ಈ ಹಿಮದ ಕಣ ಗುಂಡಗೆ, ಒತ್ತಾಗಿ ಇರುವುದರಿಂದ ಬಿಸಿಲಿಗೆ ಬೇಗ ಕರಗುವುದಿಲ್ಲ, ಆದರೆ ಗಡುಸು, ವೇಗ ಹೆಚ್ಚು. ಹೊಸಬರು ಅದರ ಮೇಲೆ ಬೆಳಗ್ಗೆ ಬೇಗ ಹೋಗುವುದಕ್ಕಿಂತ ಹತ್ತೂವರೆ ಹನ್ನೊಂದಕ್ಕೆ, ಮೇಲ್ಪದರ ಸ್ವಲ್ಪ ಮೆತ್ತಗಾದ ಮೇಲೆ ಹೋಗುವುದು ಕ್ಷೇಮ.

ಸ್ಕೀಯ ಅಡಿಗೆ ಹಚ್ಚುವ ಮೇಣದ, ಅಂದರೆ ವ್ಯಾಕ್ಸ್‌ನ, ವಿಷಯ ಸಂಕ್ಷೇಪವಾಗಿ. ಕ್ಲಾಸಿಕ್ ಸ್ಕೀಯಲ್ಲಿ ಪಾದದ ಕೆಳಗೆ, ಹಿಮ್ಮಡಿಯಿಂದ ಮುಂದಕ್ಕೆ ಸುಮಾರು 50–60 ಸೆಂಟಿಮೀಟರ್ ಉದ್ದಕ್ಕೆ ಹಿಡಿತದ ವ್ಯಾಕ್ಸ್ ಹಚ್ಚುತ್ತಾರೆ. ಒತ್ತಿದಾಗ ಹಿಮದ ಚೂಪು ತುದಿಗಳು ಅದರಲ್ಲಿ ಚುಚ್ಚಿಕೊಂಡು ಹಿಡಿಯುತ್ತವೆ, ಭಾರ ತೆಗೆದರೆ ಬಿಟ್ಟುಕೊಂಡು ಜಾರುತ್ತದೆ. ಕಡು ಚಳಿಗೆ ಹಸಿರು ಬಣ್ಣದ ವ್ಯಾಕ್ಸ್, ಮೈನಸ್ 1ರಿಂದ ಮೈನಸ್ 7ರವರೆಗೆ ನೀಲಿ, ಸೊನ್ನೆಯ ಹತ್ತಿರ ನೇರಳೆ. ತೆಳ್ಳಗೆ ಮೂರು ನಾಲ್ಕು ಪದರ, ಪ್ರತಿ ಪದರವನ್ನೂ ಕಾರ್ಕಿನಿಂದ ಉಜ್ಜಬೇಕು. ಇರಬೇಕಾದ್ದಕ್ಕಿಂತ ಮೆದುವಾದದ್ದು ಹಚ್ಚಿದರೆ ಅಡಿಗೆ ಹಿಮ ಗಡ್ಡೆಕಟ್ಟಿ ಸ್ಕೀ ಮುಂದೆಯೇ ಹೋಗದು. ಗಡುಸಾದರೆ ಏರಿನಲ್ಲಿ ಕಾಲು ಹಿಂದಕ್ಕೆ ಜಾರುತ್ತದೆ. ಕರಗಿ ಹೆಪ್ಪುಗಟ್ಟಿದ ಹಳೆಯ ಹಿಮದಲ್ಲಿ ಚೂಪು ತುದಿಗಳೇ ಇರುವುದಿಲ್ಲ, ಅಲ್ಲಿಗೆ ಟ್ಯೂಬಿನಲ್ಲಿ ಬರುವ ಅಂಟು, ಕ್ಲಿಸ್ಟರ್, ಬೇಕು. ಪುಟ್ಟಿಗೆ ಮೊದಲ ವರ್ಷ ಇದಾವುದೂ ಬೇಡ. ಅಡಿಯಲ್ಲಿ ಮೀನಿನ ಹುರುಪೆಯಂಥ ಕೆತ್ತನೆ ಇರುವ ಅಥವಾ ಮೊಹೇರ್ (ಮೇಕೆಯ ಕೂದಲಿನ) ಪಟ್ಟಿ ಅಂಟಿಸಿದ ಸ್ಕೀ ಸಿಗುತ್ತದೆ, ಅದೇ ಸಾಕು. ಯಾರಾದರೂ ಹಳೆಯ ಫ್ಲೋರಿನ್ ವ್ಯಾಕ್ಸ್ ಕೊಟ್ಟರೆ ತೆಗೆದುಕೊಳ್ಳಬೇಡ. ಅದು ಮಣ್ಣಿನಲ್ಲೂ ನೀರಿನಲ್ಲೂ ಕೊಳೆಯದೆ ಉಳಿಯುವ ವಿಷ, ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 2023–24ರಿಂದ ಪೂರ್ತಿ ನಿಷೇಧ.

ಈಗ ನಿಮ್ಮ ಮುಖ್ಯ ಚಿಂತೆಗೆ ಬರುತ್ತೇನೆ. ಜನವರಿಯಲ್ಲಿ ಇಲ್ಲಿ ಹಗಲು ಮೈನಸ್ 5, ರಾತ್ರಿ ಮೈನಸ್ 13 ಸಾಮಾನ್ಯ. ಗಾಳಿಯಿಲ್ಲದ ಮೈನಸ್ 10ರಲ್ಲಿ ಸ್ಕೀ ಮಾಡುವವರಿಗೆ ಬೆವರು ಬರುತ್ತದೆ. ಅದೇ ಮೈನಸ್ 10ಕ್ಕೆ ಗಂಟೆಗೆ 30 ಕಿಲೋಮೀಟರ್ ಗಾಳಿ ಸೇರಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ. ಇಳಿಜಾರಿನಲ್ಲಿ ಗಾಳಿಯಿಲ್ಲದಿದ್ದರೂ ನಮ್ಮ ವೇಗವೇ ಗಾಳಿ. ಹೀಗೆ ಲೆಕ್ಕ ಹಾಕಿದ ಚಳಿ ಮೈನಸ್ 28ಕ್ಕೆ ಇಳಿದರೆ ಅರ್ಧ ಗಂಟೆಯಲ್ಲಿ ಮೂಗು, ಕೆನ್ನೆ, ಕಿವಿಗೆ ಹಿಮಕಡಿತ ಆಗಬಹುದು. ದೊಡ್ಡ ಪಂದ್ಯಗಳನ್ನೇ ಮೈನಸ್ 20ಕ್ಕಿಂತ ಕೆಳಗೆ ನಡೆಸುವುದಿಲ್ಲ. ಪುಟ್ಟಿಗೆ ನಾನು ಹಾಕುವ ಮಿತಿ ಮೈನಸ್ 15, ಗಾಳಿ ಸೇರಿಸಿ. ಚರ್ಮ ಬೆಳ್ಳಗಾಗಿ ಮರಗಟ್ಟಿದರೆ ಉಜ್ಜಬಾರದು. ಬೆಚ್ಚಗಿನ ಅಂಗೈ ಒತ್ತಿ ಹಿಡಿದು ಒಳಗೆ ಬರಬೇಕು.

ಹತ್ತಿಯ ಗಿರಣಿಗಳಿಂದ ಹೆಸರಾದ ಊರಿನವರಿಗೆ ಹೇಳಲು ಮನಸ್ಸಾಗದು, ಆದರೂ ಮೈಗೆ ತಾಗುವ ಬಟ್ಟೆ ಹತ್ತಿಯದು ಇರಲೇಬಾರದು. ಹತ್ತಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಂತ ಐದು ನಿಮಿಷಕ್ಕೆ ಅದೇ ಮೈಯನ್ನು ತಣ್ಣಗೆ ಮಾಡುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಒಂದು ತೆಳು ಪದರ, ಹೊರಗೆ ಗಾಳಿ ತಡೆಯುವ ಜಾಕೆಟ್. ಹೊರಟಾಗ ಸ್ವಲ್ಪ ಚಳಿ ಅನ್ನಿಸಿದರೆ ಬಟ್ಟೆ ಸರಿಯಿದೆ ಎಂದರ್ಥ. ಫೋನನ್ನು ಒಳಜೇಬಿನಲ್ಲಿ ಇಡಬೇಕು, ಹೊರಗಿಟ್ಟರೆ ಬ್ಯಾಟರಿ ಸತ್ತುಹೋಗುತ್ತದೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಬೇಕು, ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಬಾಯಿ ಮುಚ್ಚಿಹೋಗುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಹಣೆಗೆ ಕಟ್ಟುವ ದೀಪ ಚೀಲದಲ್ಲಿರಲಿ. ಅವ್ವ, ಚಳ್ಳಕೆರೆ ಶೇಂಗಾದ ಚಿಕ್ಕಿ ಮಾಡಿ ಕಳಿಸು. ಇಲ್ಲಿನ ಎನರ್ಜಿ ಬಾರ್‌ಗಳು ಚಳಿಗೆ ಹಲ್ಲು ಮುರಿಯುವಷ್ಟು ಗಟ್ಟಿಯಾಗುತ್ತವೆ, ಚಿಕ್ಕಿಯನ್ನು ಚೂರು ಮಾಡಿ ಜೇಬಿಗೆ ಹಾಕಿಕೊಂಡರೆ ಆ ತೊಂದರೆ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಪುಟ್ಟಿ ನನ್ನ ಮಾತು ಮೀರಬಾರದು: ಕೆರೆಯ ಮೇಲೆ ಹೋಗುವುದು. ಇಲ್ಲಿನ ಕೆರೆಗಳು ಹೆಪ್ಪುಗಟ್ಟಿ ಜನ ಓಡಾಡುತ್ತಾರೆ, ಕೆಲವು ದಾರಿಗಳೂ ಕೆರೆ ದಾಟುತ್ತವೆ. ನಡೆಯಲು ಕನಿಷ್ಠ 10 ಸೆಂಟಿಮೀಟರ್ ದಪ್ಪದ ಸ್ವಚ್ಛ, ಗಟ್ಟಿ ಮಂಜುಗಡ್ಡೆ ಬೇಕೆಂದು ರಾಜ್ಯದ ಇಲಾಖೆ ಹೇಳುತ್ತದೆ. ಹಿಮ ಬೆರೆತ ಬಿಳಿ ಮಂಜುಗಡ್ಡೆಗೆ ಅದರ ಅರ್ಧದಷ್ಟೇ ಬಲ. ಮೇಲೆ ಹಿಮ ಹೆಚ್ಚು ಬಿದ್ದರೆ ಭಾರಕ್ಕೆ ಹಾಸು ಕುಗ್ಗಿ ಬಿರುಕಿನಿಂದ ನೀರು ಉಕ್ಕುತ್ತದೆ. ಮೇಲೆ ಬಿಳಿಯಾಗಿ ಕಾಣುವ ಹಿಮದ ಕೆಳಗೆ ಕೆಸರಿನಂಥ ನೀರು ನಿಂತಿರುತ್ತದೆ. ಸ್ಕೀ ಅದರಲ್ಲಿ ಇಳಿದರೆ ಅಡಿಗೆ ಮಂಜುಗಡ್ಡೆ ಕಟ್ಟಿ ಅಲ್ಲೇ ನಿಂತುಬಿಡುತ್ತದೆ, ಬೂಟು ಒದ್ದೆಯಾದರೆ ಬೆರಳಿಗೆ ಅಪಾಯ. ಉದ್ಯಾನದವರು ತೆರೆದಿದ್ದೇವೆಂದು ವರದಿಯಲ್ಲಿ ಹಾಕದ ಕೆರೆದಾರಿಗೆ ಕಾಲಿಡುವುದೇ ಬೇಡ.

ಸ್ಕೀ ಕೊಳ್ಳುವುದು ಬೇಡ, ಈ ವರ್ಷ ಬಾಡಿಗೆಗೆ ತರೋಣ. ಸ್ಕೀಯನ್ನು ದೇಹದ ತೂಕ ನೋಡಿ ಆರಿಸುತ್ತಾರೆ. ತೂಕ ಸಾಲದಿದ್ದರೆ ಪಾದದಡಿಯ ಭಾಗ ಹಿಮಕ್ಕೆ ತಾಗದೆ ಹಿಡಿತ ಸಿಗದು, ಹೆಚ್ಚಾದರೆ ಸದಾ ಉಜ್ಜುತ್ತದೆ. ಕೋಲು ಕಂಕುಳಿನ ಎತ್ತರಕ್ಕೆ ಇರಬೇಕು. ಆದ್ದರಿಂದ ಪುಟ್ಟಿಯ ಎತ್ತರ ಸೆಂಟಿಮೀಟರಿನಲ್ಲಿ, ತೂಕ ಕಿಲೋದಲ್ಲಿ, ದಪ್ಪ ಕಾಲುಚೀಲ ಹಾಕಿಕೊಂಡು ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಪಾದದ ಅಳತೆ, ಮೂರನ್ನೂ ಅಣ್ಣ ಈ ವಾರವೇ ಬರೆದು ಕಳಿಸಲಿ. ಹಿಮ ಬಿದ್ದ ಮೊದಲ ಶನಿವಾರ ಅಂಗಡಿಯಲ್ಲಿ ಒಳ್ಳೆಯ ಅಳತೆಯವು ಖಾಲಿಯಾಗಿಬಿಡುತ್ತವೆ.

ಇತಿ ನಿಮ್ಮ ಆಶೀರ್ವಾದ ಬೇಡುವ ಮಗ