ಪಾಳಿ ಬದಲಾಗುವ ಹೊತ್ತು

ತೀರ್ಥಹಳ್ಳಿ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳಾದ್ದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಸಂಬಳ, ಹಾಸ್ಟೆಲಿನ ಊಟ, ಬೆಂಗಳೂರಿನ ಬಸ್ಸು ಇವುಗಳ ನಡುವೆ ನೀನು ಬರೆದು ಮುಂದೆ ಹೋಗಿಬಿಟ್ಟ ಒಂದು ಸಾಲು ಮೂರು ದಿನದಿಂದ ನನ್ನನ್ನು ಬಿಟ್ಟಿಲ್ಲ. "ಏನಾದರೂ ಕೇಳಿದರೆ ಸೀನಿಯರ್ ಸಿಸ್ಟರುಗಳು ಮುಖ ಮುಖ ನೋಡಿಕೊಂಡು ನಗುತ್ತಾರೆ, ಹಾಗಾಗಿ ಯಾರ ಜೊತೆಗೂ ಮಾತಿಲ್ಲ, ನನ್ನ ಕೆಲಸ ನಾನು ಸರಿಯಾಗಿ ಮಾಡಿ, ಬುಕ್ಕಿನಲ್ಲಿ ಬರೆದಿಟ್ಟು ರೂಮಿಗೆ ಬರುತ್ತೇನೆ" ಎಂದಿದ್ದೀಯೆ. ಈ ಸಾಲನ್ನು ಓದಿ ಹೇಳಿದಾಗ ನಿನ್ನ ಅಮ್ಮನಿಗೆ ಸಮಾಧಾನವೇ ಆಯಿತು, ಮಗಳು ಯಾರ ತಂಟೆಗೂ ಹೋಗುವವಳಲ್ಲ ಎಂದು. ನನಗೆ ಮಾತ್ರ ಹೆದರಿಕೆಯಾಯಿತು.

ಇದೇ ಮಾತನ್ನು ನಾನೂ ಒಂದು ಕಾಲದಲ್ಲಿ ಹೇಳಿಕೊಂಡು ತಿರುಗಿದವಳು. 1988ರ ಸುಮಾರಿಗೆ ನಾನೊಂದು ಸರಕಾರಿ ಆಸ್ಪತ್ರೆಯ ಹೆಂಗಸರ ಸರ್ಜಿಕಲ್ ವಾರ್ಡಿನಲ್ಲಿದ್ದೆ. ಯಾವ ಊರೆಂಬುದು ಬೇಡ. ದೀಪಾವಳಿಯ ರಜೆ ಯಾರಿಗೆ ಸಿಗಬೇಕೆಂಬ ಜಗಳದಲ್ಲಿ ನನಗೂ ಜೊತೆಯ ಸಿಸ್ಟರ್ ಒಬ್ಬಳಿಗೂ ಮಾತು ನಿಂತು ನಾಲ್ಕು ತಿಂಗಳಾಗಿತ್ತು. ನಿನ್ನ ಅಜ್ಜಿ ತೀರಿಕೊಂಡಾಗ ನಾನು ಬಾಯಿಬಿಟ್ಟು ಕೇಳುವ ಮೊದಲೇ ನನ್ನ ಮೂರು ನೈಟ್ ಡ್ಯೂಟಿಗಳನ್ನು ತಾನು ಮಾಡಿದವಳು ಅವಳೇ. ಅದನ್ನೂ ಮರೆತು, ಪಾಳಿ ಬದಲಾಗುವಾಗ ಕೀಲಿಕೈ ಗೊಂಚಲನ್ನು ಅವಳ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟು ಹೋಗುವುದನ್ನು ನಾನು ರೂಢಿ ಮಾಡಿಕೊಂಡಿದ್ದೆ. ರಿಪೋರ್ಟ್ ಬುಕ್ಕು ಇದೆ, ಓದಿಕೊಳ್ಳಲಿ, ಬಾಯಿಯಲ್ಲಿ ಹೇಳಬೇಕೆಂದು ಯಾವ ಕಾನೂನಿದೆ ಎಂಬುದು ನನ್ನ ವಾದವಾಗಿತ್ತು.

ಒಂದು ದಿನ ಮಧ್ಯಾಹ್ನದ ಪಾಳಿಯಲ್ಲಿ ಹನ್ನೊಂದನೇ ಹಾಸಿಗೆಯ ಹೆಂಗಸಿಗೆ ಪೆನಿಸಿಲಿನ್ ಟೆಸ್ಟ್ ಡೋಸ್ ಕೊಟ್ಟಾಗ ಮುಂಗೈ ಕೆಂಪಗೆ ಊದಿಕೊಂಡಿತು, ಅಂದರೆ ಆ ಔಷಧಿ ಅವಳಿಗೆ ಒಗ್ಗುವುದಿಲ್ಲ, ಕೊಡಬಾರದು ಎಂದು. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿ, ಅಂದರೆ ಓಟಿಯಲ್ಲಿದ್ದರು, ಪೆನಿಸಿಲಿನ್ ಕೊಡಬೇಕೆಂದು ಕೇಸ್ ಶೀಟಿನಲ್ಲಿ ಅವರು ಬರೆದಿದ್ದ ಆರ್ಡರ್ ಹಾಗೆಯೇ ಉಳಿದಿತ್ತು. ನಾನು ರಿಪೋರ್ಟ್ ಬುಕ್ಕಿನ ಪುಟದ ಕೊನೆಗೆ ಅದನ್ನು ಬರೆದು, ರಾತ್ರಿ ಎಂಟಕ್ಕೆ ಅವಳು ಬಾಗಿಲಲ್ಲಿ ಕಾಣಿಸಿದೊಡನೆ ಬ್ಯಾಗು ಹೆಗಲಿಗೇರಿಸಿ ಹೊರಟೆ. ಅವಳು ನನ್ನ ಮುಖ ನೋಡಿದಳು, ಏನೋ ಕೇಳಬೇಕೆಂದಿದ್ದಳೋ ಏನೋ. ನಾನು ನಿಲ್ಲಲಿಲ್ಲ. ಹತ್ತು ಗಂಟೆಗೆ ಅವಳು ಕೇಸ್ ಶೀಟು ನೋಡಿ ಇಂಜೆಕ್ಷನ್ ಕೊಟ್ಟಳು. ಆ ಹೆಂಗಸಿನ ಮುಖ ಬಾತು, ಉಸಿರು ಕಟ್ಟಿ, ಡ್ಯೂಟಿ ಡಾಕ್ಟರು ಓಡಿಬಂದು ಅಡ್ರಿನಲಿನ್ ಕೊಟ್ಟ ಮೇಲೆ ಜೀವ ಉಳಿಯಿತು. ಮೆಮೊ ಬಂದದ್ದು ಅವಳಿಗೆ. ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಬರೆದಿದ್ದಿರಾ ಎಂದು. ಬರೆದಿದ್ದೆನಲ್ಲ! ನನ್ನ ಕೆಲಸ ನಾನು ಸರಿಯಾಗಿಯೇ ಮಾಡಿದ್ದೆ.

ನಿನ್ನ ಸಾಲು ಓದಿದಾಗ ನನಗೆ ಕೇಳಿಸಿದ್ದು ಆ ಉತ್ತರವೇ. ಬುಕ್ಕಿನಲ್ಲಿ ಬರೆದಿಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಕೇಳಿದರೆ ನಗುತ್ತಾರೆಂದು ನೀನು ಕೇಳದೆ ಉಳಿಯುವ ಆ ಒಂದು ಪ್ರಶ್ನೆ ಯಾವ ಹಾಸಿಗೆಯದಾಗಿರುತ್ತದೋ ಎಂದು ಯೋಚಿಸಿದರೆ ರಾತ್ರಿ ನಿದ್ದೆ ಬರುವುದಿಲ್ಲ. 1990ರ ದಶಕದಲ್ಲಿ ಅಮೆರಿಕದ ಏಮಿ ಎಡ್ಮಂಡ್ಸನ್ ಎಂಬವರು ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದಾಗ, ಒಗ್ಗಟ್ಟಾಗಿ ಕೆಲಸ ಮಾಡುವ ವಾರ್ಡುಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವಂತೆ. ತಪ್ಪು ಮಾಡುವವರು ಅಲ್ಲಿ ಹೆಚ್ಚಿದ್ದರೆಂದಲ್ಲ, ಆದದ್ದನ್ನು ಅವರು ಹೆದರದೆ ಹೇಳಿಕೊಳ್ಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ನಮ್ಮ ವಾರ್ಡಿನ ಪುಸ್ತಕಗಳು ಆ ನಾಲ್ಕು ತಿಂಗಳು ಬಹಳ ಚೊಕ್ಕಟವಾಗಿದ್ದವು.

ನಾನು ನಿವೃತ್ತಳಾಗುವ ಹೊತ್ತಿಗೆ ಓಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಚೆಕ್‌ಲಿಸ್ಟ್ ಬಂದಿತ್ತು. ಅದನ್ನು ಹೊರತಂದದ್ದು 2008ರಲ್ಲಿ. ಇರುವುದು ಹತ್ತೊಂಬತ್ತೇ ಅಂಶ. ಚರ್ಮಕ್ಕೆ ಕತ್ತರಿ ಹಾಕುವ ಮೊದಲು ಅಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು ಎಂಬುದು ಅದರಲ್ಲೊಂದು. ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ನಿಂತವರು ಹೆಸರು ಹೇಳಿಕೊಳ್ಳುವುದೇ ಎಂದು ನಾವೆಲ್ಲ ನಕ್ಕೆವು. ಆರು ವರ್ಷದಿಂದ ನಾನು "ತಮ್ಮಾ" ಎಂದೇ ಕರೆಯುತ್ತಿದ್ದ ಅಟೆಂಡರನ ಹೆಸರು ನನಗೆ ಗೊತ್ತಾದದ್ದು ಅವತ್ತು. ಮಾರನೆಯ ವಾರ ಮಾಪ್, ಅಂದರೆ ಆಪರೇಷನ್ನಿನಲ್ಲಿ ರಕ್ತ ಒರೆಸುವ ಬಟ್ಟೆಗಳ ಲೆಕ್ಕದಲ್ಲಿ ಒಂದು ಕಡಿಮೆ ಇದೆ ಎಂದು ಗಟ್ಟಿಯಾಗಿ ಹೇಳಿದವನು ಅವನೇ. ಅಲ್ಲಿಯವರೆಗೆ ಅವನ ದನಿಯನ್ನೇ ನಾವು ಕೇಳಿರಲಿಲ್ಲ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಆ ಪಟ್ಟಿಯನ್ನು ಬಳಸಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಹೆಸರು ಹೇಳಿಕೊಂಡದ್ದರಿಂದಲೇ ಅಷ್ಟೂ ಆಯಿತೆಂದು ನಾನು ಹೇಳಲಾರೆ.

ಬುದ್ಧಿ ಹೇಳುವ ಯೋಗ್ಯತೆ ನನಗೆ ಎಷ್ಟಿದೆಯೋ ನಿನಗೆ ಈಗ ಗೊತ್ತಾಯಿತು. ಆದರೂ, ನಿನ್ನ ಪಾಳಿ ಮುಗಿದಾಗ ಬರುವವಳನ್ನು ಕರೆದುಕೊಂಡು ಒಂದೊಂದು ಹಾಸಿಗೆಯ ಬಳಿಗೂ ಹೋಗಿ ಬಾಯಿಯಲ್ಲೇ ಹೇಳಲು ಆಗುತ್ತದೆಯೇ ನೋಡು. ಬಸ್ಸು ತಪ್ಪಿದರೆ ತಪ್ಪಲಿ. ಊಟದ ಡಬ್ಬಿಯನ್ನು ರೂಮಿಗೆ ಒಯ್ದು ತಿನ್ನಬೇಡ. ನಗುವವರು ನಾಲ್ಕು ದಿನ ನಗುತ್ತಾರೆ, ಅದು ನೋವೇ, ಸುಳ್ಳು ಹೇಳುವುದಿಲ್ಲ. ಅವರಲ್ಲಿ ನಗದೆ ಇರುವವಳು ಒಬ್ಬಳಾದರೂ ಇದ್ದೇ ಇರುತ್ತಾಳೆ, ಮೊದಲು ಅವಳನ್ನು ಕೇಳು. ಎಲ್ಲರೂ ಸ್ನೇಹಿತೆಯರಾಗಬೇಕೆಂದು ನಾನು ಹೇಳುತ್ತಿಲ್ಲ.

ಅವಳನ್ನು ಆ ಮೆಮೊ ಆದ ಮೇಲೆ ಬೇರೆ ಊರಿಗೆ ವರ್ಗ ಮಾಡಿದರು. ಹೊರಡುವ ದಿನ ಕೀಲಿಕೈ ಗೊಂಚಲನ್ನು ನನ್ನ ಕೈಗೇ ಕೊಟ್ಟು ಹೋದಳು. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಕಳೆದ ತಿಂಗಳು ಹಳೆಯ ಸಹೋದ್ಯೋಗಿಯೊಬ್ಬರಿಂದ ಅವಳ ಫೋನ್ ನಂಬರು ಸಿಕ್ಕಿದೆ. ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ, ಇನ್ನೂ ಮಾಡಿಲ್ಲ.

ಮುಂದಿನ ಪತ್ರದಲ್ಲಿ ನಿನ್ನ ವಾರ್ಡಿನಲ್ಲಿ ಜೊತೆಗೆ ಡ್ಯೂಟಿ ಮಾಡುವವರ ಹೆಸರುಗಳನ್ನು ಬರೆ, ಆಯಾಗಳದ್ದೂ ಸೇರಿಸಿ.

ಇಂತು,
ನಿನ್ನ ದೊಡ್ಡಮ್ಮ