ಗೆಳೆಯನಿಗೊಂದು ಪತ್ರ: ತೆರೆದಿಟ್ಟ ಗಿಟಾರ್ ಪೆಟ್ಟಿಗೆ

ಮಡಿಕೇರಿ
ಜೂನ್ ಮೊದಲ ವಾರ

ಗೆಳೆಯಾ,

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ನೀನು ಕೇಳಿದ ಆ ಒಂದು ಪ್ರಶ್ನೆಯ ಹತ್ತಿರ ಕೈ ನಿಂತುಬಿಡುತ್ತಿತ್ತು. ಬೆಂಗಳೂರಿನ ಸಿಗ್ನಲ್‌ನಲ್ಲಿ ಗಾಜು ತಟ್ಟುವವರಿಗೆ ಕೊಡಬೇಕಾ, ಬೇಡವಾ? ಕೊಟ್ಟರೆ ಸೋಮಾರಿಗಳನ್ನು ಸಾಕಿದ ಹಾಗೆ, ಕೊಡದಿದ್ದರೆ ಮನೆಗೆ ಹೋದ ಮೇಲೂ ಆ ಮುಖ ಬಿಡುವುದಿಲ್ಲ ಅಂತ ಬರೆದಿದ್ದೆ. ಮೇ ತಿಂಗಳಿಗೆ ಮೊದಲು ಕೇಳಿದ್ದರೆ ಒಂದೇ ಸಾಲಿನಲ್ಲಿ ಉತ್ತರ ಕೊಡುತ್ತಿದ್ದೆ. ಕೊಡಬೇಡ ಅನ್ನುತ್ತಿದ್ದೆ. ಈಗ ಹಾಗೆ ಹೇಳಲು ಆಗುತ್ತಿಲ್ಲ. ಏನಾಯಿತು ಅಂತ ಬರೆಯುತ್ತೇನೆ, ಕೇಳು.

ಕುಂಡೆ ಹಬ್ಬ ನೆನಪಿದೆಯಾ? ಮೇ ತಿಂಗಳ ನಾಲ್ಕನೇ ಗುರುವಾರ. ಅವತ್ತು ಕೆಲಸದ ಮೇಲೆ ಗೋಣಿಕೊಪ್ಪಕ್ಕೆ ಹೋಗಿದ್ದೆ. ತೋಟಗಳಲ್ಲಿ ದುಡಿಯುವ ಆದಿವಾಸಿಗಳು, ಯರವರು, ಜೇನುಕುರುಬರು, ಗುಂಪುಗುಂಪಾಗಿ ರಸ್ತೆಗೆ ಇಳಿದಿದ್ದರು. ಗಂಡಸರು ಹೆಣ್ಣುವೇಷ ಹಾಕಿದ್ದರು. ಮುಖಕ್ಕೆಲ್ಲ ಬಣ್ಣ. ಕೈಯಲ್ಲಿ ಪ್ಲಾಸ್ಟಿಕ್ ಡ್ರಮ್ಮು, ಡಬ್ಬ, ಸೋರೆಬುರುಡೆ, ಸಿಕ್ಕಿದ್ದೆಲ್ಲ. ಅಂಗಡಿ ಅಂಗಡಿಗೆ ನುಗ್ಗಿ, ಬಸ್ಸು ಕಾರು ತಡೆದು, ಬಾಯಿಗೆ ಬಂದಂತೆ ಬೈಯುತ್ತಾ ದುಡ್ಡು ಕೇಳುತ್ತಾರೆ. ಬೇಟೆಗೆ ಅಂತ ತಮ್ಮನ್ನು ಕಾಡಿಗೆ ಕರೆದುಕೊಂಡು ಹೋದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ಮರುಳಾಗಿ ತಮ್ಮನ್ನು ನಡುದಾರಿಯಲ್ಲೇ ಬಿಟ್ಟ ಅನ್ನುವ ಸಿಟ್ಟು ಅದು. ದೇವರಿಗೇ ಬೈಯುವ ದಿನ ನಮ್ಮನ್ನು ಬಿಡುತ್ತಾರಾ? ಕೊನೆಗೆ ದೇವರಪುರದ ದೇವಸ್ಥಾನಕ್ಕೆ ಹೋಗಿ, ಕಾಣಿಕೆ ಹಾಕಿ, ತಪ್ಪಾಯಿತು ಅಂತ ಕೈ ಮುಗಿಯುತ್ತಾರೆ.

ನನ್ನ ಕಾರನ್ನೂ ತಡೆದರು. ಚೆನ್ನಾಗಿ ಬೈಸಿಕೊಂಡೆ. ನಗುತ್ತಾ 50 ರೂಪಾಯಿ ಕೊಟ್ಟೆ. ಅವರಲ್ಲಿ ಇಬ್ಬರು ಮೂವರು ಕುಡಿದಿದ್ದರು. ಅದು ನನಗೆ ಒಂದು ವಿಷಯ ಅಂತಲೇ ಅನ್ನಿಸಲಿಲ್ಲ.

ಮಾರನೇ ದಿನ ಬೆಳಿಗ್ಗೆ ಇಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬರು ಮುದುಕರು 20 ರೂಪಾಯಿ ಕೇಳಿದರು. ಮೆಟ್ಟಿಲ ಪಕ್ಕ ದಿನಾ ಕೂರುತ್ತಾರೆ. ಒಂದು ಕಾಲು ನೇರ ಚಾಚಿರುತ್ತದೆ, ಮಡಚಲು ಬರುವುದಿಲ್ಲ. ಹತ್ತಿರ ಹೋದಾಗ ಕುಡಿದ ವಾಸನೆ ಬಂತು. "ಕೊಟ್ಟರೆ ಮತ್ತೆ ಕುಡಿಯೋದಕ್ಕೆ ತಾನೆ? ದುಡಿದು ತಿನ್ನಬಾರದಾ?" ಅಂದುಬಿಟ್ಟೆ. ಜೋರಾಗಿಯೇ ಅಂದೆ, ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಅವರು ಏನೂ ಹೇಳಲಿಲ್ಲ. ಎರಡೂ ಕೈಯಿಂದ ಆ ಕಾಲನ್ನು ಎತ್ತಿ, ನಾನು ಹೋಗಲು ಜಾಗ ಬಿಟ್ಟರು.

ಇಲ್ಲಿ ಒಂದು ಮಾತು ಹೇಳಬೇಕು. ಈಗ "ಅವರು" ಅಂತ ಬರೆಯುತ್ತಿದ್ದೇನೆ. ಅವತ್ತು ಬಾಯಲ್ಲೂ ಮನಸ್ಸಿನಲ್ಲೂ "ಅವನು" ಅಂತಲೇ ಇತ್ತು. ನನ್ನ ಅಪ್ಪನಷ್ಟು ವಯಸ್ಸಿನವರು. ಬೇರೆ ಎಲ್ಲಿ ಸಿಕ್ಕಿದ್ದರೂ, ಬಸ್ಸಿನಲ್ಲಿ ಪಕ್ಕ ಕೂತಿದ್ದರೂ, ಏಕವಚನ ನನ್ನ ಬಾಯಿಗೆ ಬರುತ್ತಿರಲಿಲ್ಲ. ಕೈ ಚಾಚಿದ ಕೂಡಲೇ ಬಂತು.

ಶನಿವಾರ ಸಂಜೆ ಒಂದು ಕಾಫಿ ಅಂಗಡಿಯ ಹಿಂದಿನ ಅಂಗಳದಲ್ಲಿ ನಮ್ಮೂರ ಹುಡುಗರ ರಾಕ್ ಬ್ಯಾಂಡ್ ಇತ್ತು. ತಂಗಿಯ ಮಗ ಬಲವಂತ ಮಾಡಿ ಕರೆದುಕೊಂಡು ಹೋದ. ಬ್ಯಾಂಡ್‌ನಲ್ಲಿ ನಾಲ್ಕು ಜನ. ಗಿಟಾರ್ ಹಿಡಿದವನು ಒಂದು ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಬಾಸ್ ಗಿಟಾರ್ ಬಾರಿಸುವವನು ಮಾಂದಲಪಟ್ಟಿ ಬೆಟ್ಟಕ್ಕೆ ಜೀಪ್ ಓಡಿಸುತ್ತಾನೆ. ಹಾಡುವವನು ಇನ್ನೂ ಕಾಲೇಜಿನಲ್ಲಿ ಇದ್ದಾನೆ. ಡ್ರಮ್ಸ್‌ಗೆ ಒಬ್ಬಳು ಹುಡುಗಿ, ಮೊಬೈಲ್ ಅಂಗಡಿಯಲ್ಲಿ ಕೆಲಸ. ಟಿಕೆಟ್ ಇರಲಿಲ್ಲ. ಗಿಟಾರ್ ಪೆಟ್ಟಿಗೆಯನ್ನು ಮುಂದೆ ತೆರೆದಿಟ್ಟು, ಒಂದು ರಟ್ಟಿನ ಮೇಲೆ "ಇಷ್ಟ ಬಂದಷ್ಟು ಹಾಕಿ" ಅಂತ ಬರೆದಿದ್ದರು.

ಮೇಲೆ ತಗಡಿನ ಶೀಟ್, ಹೊರಗೆ ಮಳೆ. ಮೊದಲ ಹಾಡಿಗೇ ಬಾಸ್ ಬಂದು ಎದೆಗೆ ಗುದ್ದಿತು. ಎರಡನೆಯದಕ್ಕೆ ಮಳೆಯ ಸದ್ದು ಯಾವುದು, ಡ್ರಮ್ಸ್ ಯಾವುದು ಅಂತ ಗೊತ್ತಾಗಲಿಲ್ಲ. ಇನ್ನು ಎದ್ದು ಹೋಗೋಣ ಅಂದುಕೊಳ್ಳುತ್ತಿದ್ದೆ. ಆಗ ಆ ಹುಡುಗಿ ತಾಳ ಬದಲಿಸಿದಳು. ಮಾರಾಯ, ಅದು ನಮ್ಮ ವಾಲಗದ ತಾಳ! ಮದುವೆ ಮನೆಯ ಅಂಗಳದಲ್ಲಿ ಕುಣಿಯುತ್ತೇವಲ್ಲ, ಅದೇ. ಪಕ್ಕದಿಂದ ಒಬ್ಬರು ನಮ್ಮ ಪುಟ್ಟ ಚರ್ಮವಾದ್ಯ ದುಡಿ ಹಿಡಿದು ಬಂದು ನಿಂತರು. ಗಿಟಾರ್ ಕಿರುಚುತ್ತಾ ಮೇಲೆ ಹೋಯಿತು, ಕೊಂಬು ಊದಿದಾಗ ಸ್ವರ ಎದ್ದು ಬಾಗುತ್ತದಲ್ಲ, ಥೇಟ್ ಹಾಗೆ. ನನ್ನ ಹಿಂದೆ ಕೂತಿದ್ದ ಎಪ್ಪತ್ತು ದಾಟಿದ ಒಬ್ಬರು ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟರು. ವಾಲಗ ಕೇಳಿ ಕೊಡಗಿನವರು ಕೂರುವುದುಂಟಾ? ನಾನೂ ಕುಣಿದೆ. ಎಷ್ಟೋ ವರ್ಷದ ಮೇಲೆ ಕುಣಿದೆ. ಆ ಹುಡುಗರು ಯಾವ ದೊಡ್ಡ ಊರಿನ ಬ್ಯಾಂಡ್‌ಗೂ ಕಡಿಮೆ ಇಲ್ಲ. ಪ್ರೀತಿಗೆ ಹೇಳುತ್ತಿಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ಪೆಟ್ಟಿಗೆಗೆ 200 ರೂಪಾಯಿ ಹಾಕಿದೆ. ಆ ದುಡ್ಡಿನಲ್ಲಿ ಅವರು ಏನು ಮಾಡುತ್ತಾರೆ ಅಂತ ತಲೆಗೇ ಬರಲಿಲ್ಲ. ತಂತಿ ಕೊಳ್ಳಬಹುದು, ರಾತ್ರಿ ಬಿಯರ್ ಕುಡಿಯಬಹುದು, ಅವರ ಇಷ್ಟ.

ಹಾಡುಗಳ ನಡುವೆ ಗೇಟಿನ ಹತ್ತಿರ ಗಲಾಟೆ ಕೇಳಿಸಿತು. ಬಸ್ ಸ್ಟ್ಯಾಂಡಿನ ಆ ಮುದುಕರು. ಮಳೆಗೆ ಗೋಡೆ ಹತ್ತಿರ ಒರಗಿ ನಿಂತಿದ್ದರು. ಅಂಗಡಿಯ ಹುಡುಗನೊಬ್ಬ "ಏಯ್, ನಡಿ, ನಡಿ" ಅನ್ನುತ್ತಿದ್ದ. ನಾನು ಮುಖ ತಿರುಗಿಸಿದೆ. ಅವರು ನನ್ನನ್ನು ಗುರುತು ಹಿಡಿದರೆ ಅಂತ ಹೆದರಿಕೆ. ಅಷ್ಟರಲ್ಲಿ ಗಿಟಾರ್ ಹುಡುಗ ಪಟ್ಟಿ ಕಳಚಿ ಕೆಳಗಿಟ್ಟು ಗೇಟಿಗೆ ಓಡಿದ. ಅವರನ್ನು ಹೆಸರು ಹಿಡಿದು, ಹೆಸರಿನ ಜೊತೆ "ಅಣ್ಣಾ" ಸೇರಿಸಿ ಕರೆದ. "ಮಳೆಯಲ್ಲಿ ಯಾಕೆ ನಿಂತಿದ್ದೀರಿ, ಒಳಗೆ ಬನ್ನಿ" ಅಂದ. ತಾನೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಮುಂದಿನ ಸಾಲಿನಲ್ಲಿ ಹಾಕಿದ. ಆಮೇಲೆ ಹೋಗಿ ಮತ್ತೆ ಗಿಟಾರ್ ಎತ್ತಿಕೊಂಡ. ಅದರ ಬಗ್ಗೆ ಮೈಕಿನಲ್ಲಿ ಒಂದು ಮಾತೂ ಆಡಲಿಲ್ಲ.

ಮುಗಿದ ಮೇಲೆ ಅವನನ್ನು ಕೇಳಿದೆ, ಅವರ ಹೆಸರು ನಿನಗೆ ಹೇಗೆ ಗೊತ್ತು ಅಂತ. "ದಿನಾ ಹಾಜರಿಯ ಚೆಕ್‌ರೋಲ್‌ನಲ್ಲಿ ಬರೆಯುತ್ತಿದ್ದೆನಲ್ಲ" ಅಂದ. ಮೂವತ್ತು ವರ್ಷಕ್ಕಿಂತ ಜಾಸ್ತಿ ತೋಟದಲ್ಲಿ ದುಡಿದವರು. ಕರಿಮೆಣಸು ಕುಯ್ಯುವುದರಲ್ಲಿ ಅವರ ಸಮಕ್ಕೆ ಯಾರೂ ಇರಲಿಲ್ಲವಂತೆ. ಒಂದು ಸಲ ಸಿಲ್ವರ್ ಮರಕ್ಕೆ ಆನಿಸಿದ್ದ ಏಣಿ ಜಾರಿತು. ಸೊಂಟ ಮುರಿಯಿತು. ಸ್ವಲ್ಪ ದಿನ ಔಷಧಿ ಆಯಿತು, ಸ್ವಲ್ಪ ದುಡ್ಡೂ ಬಂತು. ಹೆಂಡತಿ ತೀರಿಕೊಂಡ ಮೇಲೆ ಮನೆಯಿಂದ ಕೆಲಸಕ್ಕೆ ಹೋಗುವವರು ಯಾರೂ ಉಳಿಯಲಿಲ್ಲ. ಕೆಲಸ ಇಲ್ಲ ಅಂದರೆ ತೋಟದವರು ಕೊಡುವ ಲೈನ್‌ಮನೆಯೂ ಇಲ್ಲ. ನಿನಗೆ ಗೊತ್ತಲ್ಲ ಅದು. ಮಗ ಕೇರಳದಲ್ಲಿ ಎಲ್ಲೋ ಇದ್ದಾನಂತೆ. ನೋವು ತಡೆಯಲು ಆಗದೆ ಕುಡಿಯುತ್ತಾರೆ ಅಂದ ಆ ಹುಡುಗ. "ರಾತ್ರಿ ಮಲಗಬೇಕಲ್ಲ ಅಣ್ಣಾ."

ದುಡಿದು ತಿನ್ನಬಾರದಾ ಅಂತ ಕೇಳಿದ್ದೆ, ನಾನು. ಪ್ರತಿ ವರ್ಷ ಮನೆಗೆ ತರುವ ಮೆಣಸನ್ನು ಯಾರು ಕುಯ್ದರು ಅಂತ ಒಂದು ದಿನವೂ ಯೋಚಿಸದವನು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 2018ರ ಆಗಸ್ಟ್ ನೆನಪಾಯಿತು. ನಿನಗೂ ಅದನ್ನು ಪೂರ್ತಿ ಹೇಳಿಲ್ಲ. ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ನಾವು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟೆವು. ಪರಿಹಾರ ಕೇಂದ್ರದಲ್ಲಿ ಹತ್ತೊಂಬತ್ತು ದಿನ ಇದ್ದೆವು. ಯಾರ ಹತ್ತಿರವೂ ಕೈ ಚಾಚದ ಮನೆ ನಮ್ಮದು ಅಂತ ಅಪ್ಪ ಹೇಳುತ್ತಿದ್ದರು. ಅದೇ ಅಪ್ಪ ಕಂಬಳಿಗೆ ಸಾಲಿನಲ್ಲಿ ನಿಂತರು. ಅವರ ಸರದಿ ಬಂದಾಗ ಕೈ ಮುಂದೆ ಬರಲೇ ಇಲ್ಲ. ಕಂಬಳಿ ಕೊಡುತ್ತಿದ್ದ ಹುಡುಗ ಎಲ್ಲಿಯವನೋ ಏನೋ. ಮೇಜಿನ ಆ ಕಡೆಯಿಂದ ಈ ಕಡೆಗೆ ಬಂದು, ಕಂಬಳಿಯನ್ನು ಅಪ್ಪನ ಹೆಗಲಿಗೆ ಹೊದಿಸಿ, "ಊಟ ಆಯ್ತಾ ಅಜ್ಜಾ?" ಅಂತ ಕೇಳಿದ. ಬಯಲುಸೀಮೆಯಿಂದ ಜೋಳದ ರೊಟ್ಟಿ ಬಂದಿತ್ತು. ಅಕ್ಕಿ ರೊಟ್ಟಿ ತಿಂದು ಬೆಳೆದ ನಾವು ಅದನ್ನು ನೀರಿನಲ್ಲಿ ನೆನೆಸಿ ತಿಂದೆವು. ಕೊಟ್ಟವರು ಯಾರೂ ನಮ್ಮನ್ನು ನೀವು ಒಳ್ಳೆಯವರಾ, ಕುಡಿಯುತ್ತೀರಾ, ಕಂಬಳಿ ಮಾರಿಕೊಳ್ಳುತ್ತೀರಾ ಅಂತ ಕೇಳಲಿಲ್ಲ. ಕೇಳಿದ್ದರೆ ಅಪ್ಪ ಅಲ್ಲೇ ಸತ್ತುಹೋಗುತ್ತಿದ್ದರು.

ಕಾನೂನು ಏನು ಹೇಳುತ್ತದೆ ಅಂತಲೂ ನೋಡಿದೆ. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ನಿನ್ನ ಮನೆ ಕಂದಾಯದ ರಸೀದಿ ತೆಗೆದು ನೋಡು. ತೆರಿಗೆಯ ಮೇಲೆ 3 ಪರ್ಸೆಂಟ್ ಭಿಕ್ಷುಕರ ಕರ ಅಂತ ಇರುತ್ತದೆ. ಅಂದರೆ ಕೊಡಲ್ಲ ಅನ್ನುವವರೂ ಕೊಡುತ್ತಲೇ ಇದ್ದಾರೆ. ಬೀದಿಯಿಂದ ಹಿಡಿದು ತಂದವರನ್ನು ಇಡುವ ಕೇಂದ್ರಗಳು ನಡೆಯುವುದು ಆ ದುಡ್ಡಿನಲ್ಲಿ. ಬೆಂಗಳೂರಿನ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಎಷ್ಟು ಜನ ಸತ್ತರು, ನೆನಪಿದೆಯಾ? ಆಗ ನಾವಿಬ್ಬರೂ ಪೇಪರ್ ಓದಿ ಸುಮ್ನೆ ಮಡಚಿಟ್ಟಿದ್ದೆವು.

ಇನ್ನೊಂದು ಓದಿದಾಗ ಆ ಗಿಟಾರ್ ಪೆಟ್ಟಿಗೆ ಕಣ್ಣ ಮುಂದೆ ಬಂತು. 1959ರ ಬಾಂಬೆ ಕಾಯ್ದೆಯ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ಹಾಡಿ, ಕುಣಿದು, ಶಕುನ ಹೇಳಿ ದುಡ್ಡು ಕೇಳಿದರೂ ಅದು ಭಿಕ್ಷೆಯೇ. ಆ ಕಾಯ್ದೆಯೇ ದೆಹಲಿಯಲ್ಲೂ ನಡೆಯುತ್ತಿತ್ತು. ಭಿಕ್ಷೆ ಬೇಡುವುದನ್ನು ಅಪರಾಧ ಮಾಡಿದ್ದ ಅದರ ಭಾಗಗಳನ್ನು 2018ರಲ್ಲಿ ದೆಹಲಿ ಹೈಕೋರ್ಟ್ ತೆಗೆದುಹಾಕಿತು. ಬೀದಿಯಲ್ಲಿ ಬೇಡುವವರನ್ನು ತೆಗೆಸಿ ಅಂತ ಬಂದ ಅರ್ಜಿಯೊಂದಕ್ಕೆ 2021ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬೇರೆ ದಾರಿ ಇಲ್ಲದೆ ಬೇಡುತ್ತಾರೆ, ಇದು ಬಡತನದ ಪ್ರಶ್ನೆ ಅಂತ ಹೇಳಿತು.

ಹಾಡಿ ಕೇಳುವುದು ಭಿಕ್ಷೆ ಅಂದರೆ ನಮ್ಮಲ್ಲಿ ಯಾರು ಉಳಿಯುತ್ತಾರೆ ಹೇಳು. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ದುಡಿ ಹಿಡಿದು ಮನೆಮನೆಗೆ ಬಂದು ಮನೆಪಾಟ್ ಹಾಡುತ್ತಾರೆ. ಕುಶಾಲನಗರದ ನಮ್ಮ ಅಜ್ಜಿಯ ಮನೆಗೆ ಮಾದಪ್ಪನ ಹಾಡು ಹಾಡುವ ಕಂಸಾಳೆಯವರು ಬರುತ್ತಿದ್ದರು. ಕೋರಣ್ಯಕ್ಕೆ ಬಂದಿದ್ದಾರೆ ಅನ್ನುತ್ತಿದ್ದರು ಅಜ್ಜಿ, ಭಿಕ್ಷೆಗೆ ಅನ್ನುತ್ತಿರಲಿಲ್ಲ. ಮೊರದಲ್ಲಿ ಅಕ್ಕಿ ತಂದು, ಹಾಡು ಮುಗಿಯುವ ತನಕ ಹೊಸಿಲ ಹತ್ತಿರ ಕಾಯುತ್ತಿದ್ದರು. ಕೊಟ್ಟು ಬೇಗ ಕಳಿಸಿಬಿಡೋಣ ಅನ್ನುವ ಅವಸರ ಅವರಿಗೆ ಇರಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಸಿಗ್ನಲ್‌ನಲ್ಲಿ ಮಗುವಿನ ಕೈಗೆ ನಾನು ಈಗಲೂ ದುಡ್ಡು ಕೊಡುವುದಿಲ್ಲ. ಅದು ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ, ಮಗು ಬೀದಿಯಲ್ಲೇ ಉಳಿಯುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಬರೀ ಮನಸ್ಸಿನ ಸಮಾಧಾನಕ್ಕೆ ಅಲ್ಲ, ನಿಜವಾಗಿಯೂ ಮಾಡು. ದೊಡ್ಡವರು ಕೇಳಿದರೆ, ಕೈಯಲ್ಲಿ ಇದ್ದರೆ ಕೊಡು. ಇಲ್ಲದಿದ್ದರೆ "ಇವತ್ತು ಇಲ್ಲ ಅಣ್ಣಾ", "ಇಲ್ಲ ಅಮ್ಮಾ" ಅಂತ ಮುಖ ನೋಡಿ ಹೇಳು. ಅವರು ಅದನ್ನು ಏನು ಮಾಡುತ್ತಾರೆ ಅನ್ನುವ ಲೆಕ್ಕ ಬಿಟ್ಟುಬಿಡು. ನನ್ನ ಸಂಬಳದ ಲೆಕ್ಕವನ್ನು ನನ್ನ ಮಾಲೀಕರು ಕೇಳುವುದಿಲ್ಲ, ಅಲ್ವಾ? ಮೋಸ ಹೋಗುತ್ತೇನೆ ಅಂತ ನಿನಗೆ ಅನ್ನಿಸಬಹುದು. ವರ್ಷಕ್ಕೆ ಎಷ್ಟು ಮೋಸ ಹೋಗುತ್ತೀಯಾ ಮಾರಾಯ, ಒಂದು ಹೋಟೆಲ್ ಬಿಲ್ಲಿನಷ್ಟು. ನಾನು ಮೋಸ ಹೋಗದೆ ಉಳಿಸಿಕೊಂಡ ಆ 20 ರೂಪಾಯಿ ನನಗೆ ಇನ್ನೂ ಸುಡುತ್ತಿದೆ.

ಸೋಮವಾರ ಬೆಳಿಗ್ಗೆ ಅವರ ಹತ್ತಿರ ಹೋಗಿ ಮೆಟ್ಟಿಲ ಮೇಲೆ ಕೂತೆ. ಶುಕ್ರವಾರ ಹಾಗೆ ಮಾತಾಡಿದ್ದು ನಾನೇ, ತಪ್ಪಾಯಿತು ಅಂದೆ. ನೆನಪಿದೆ ಅಂದರು. ಅಷ್ಟೇ ಅಂದರು, ಪರವಾಗಿಲ್ಲ ಅನ್ನಲಿಲ್ಲ. ಚಹಾ ತರಿಸಿದೆ, ಕುಡಿದರು. ವಯಸ್ಸು ಕೇಳಿದೆ. ಅರವತ್ತೇಳು ಆಗಿರಬೇಕು. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1200 ರೂಪಾಯಿ ಬರುತ್ತದೆ. ಯಾರೂ ಇವರಿಗೆ ಅರ್ಜಿ ಹಾಕಿಕೊಟ್ಟಿಲ್ಲ. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯ ಒಳಗೆ ಇಟ್ಟುಕೊಂಡಿದ್ದಾರೆ, ಅದರಲ್ಲಿ ಇನ್ನೂ ಲೈನ್‌ಮನೆಯ ವಿಳಾಸ ಇದೆ. ರೇಷನ್ ಕಾರ್ಡ್ ಇಲ್ಲ. ಗಿಟಾರ್ ಹುಡುಗನಿಗೆ ಬುಧವಾರ ರಜೆ ಸಿಗುತ್ತದೆ. ಮೂರು ಜನವೂ ನಾಡಕಚೇರಿಗೆ ಹೋಗುತ್ತೇವೆ. ಒಂದೇ ಸಲಕ್ಕೆ ಆಗುವುದಿಲ್ಲ ಅಂತ ಗೊತ್ತು, ನಾಲ್ಕೈದು ಸಲ ಅಲೆಯಬೇಕು.

ಏಳುವಾಗ 20 ರೂಪಾಯಿ ಕೊಟ್ಟೆ. ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನನ್ನೇ ಒಂದು ಪ್ರಶ್ನೆ ಕೇಳಿದರು. "ಅವತ್ತು ದುಡಿ ಬಾರಿಸಿದೋರು ಮತ್ತೆ ಬರ್ತಾರಾ?"

ಬರುತ್ತಾರೆ. ತಿಂಗಳ ಕೊನೆಯ ಶನಿವಾರ, ಅದೇ ಅಂಗಳ, ಸಂಜೆ ಆರಕ್ಕೆ. ನೀನು ಶುಕ್ರವಾರ ರಾತ್ರಿಯ ಬಸ್ ಹಿಡಿದು ಬಾ. ಮಳೆ ಜೋರಾಗಿದೆ, ಕೊಡೆ ತಾ.

ನಿನ್ನ ಗೆಳೆಯ